ಉಸಿರಿನ ಪೈಪು

ರವಿಚಂದ್ರನ ಮೆಸೇಜು ಬಂದಾಗ ಮೋಹಿನಿ ಅಡುಗೆಮನೆಯಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳಬೇಕು. ಈ ಬೆಳಿಗ್ಗೆ ಅವು ಗೋಡೆಗೆ, ಒಲೆಗೆ, ನೆಲಕ್ಕೆ ಹೋಗಿ ಬೀಳುತ್ತಿದ್ದವು. ಸೆರಗಿಗೆ ಕೈ ಒರೆಸಿಕೊಂಡು ಫೋನು ನೋಡಿದಳು. ‘ಅಂಡಮಾನ್ ಜನವರಿ ಎರಡನೇ ವಾರ ಫಿಕ್ಸ್. ಇವತ್ತು ಸಂಜೆಯೊಳಗೆ ಟಿಕೆಟ್ ಮುಗಿಸಿಬಿಡೋಣ. ನಾಲ್ಕೂ ಜನ ಆಧಾರ್ ಫೋಟೋ ಕಳಿಸಿ.’ ಅದರ ಮುಂದೆ ಬಣ್ಣಬಣ್ಣದ ಮೀನುಗಳು. ಕೆಳಗೆ ಶೋಭಾರಾಣಿಯ ಉತ್ತರ ಆಗಲೇ ಬಂದಿತ್ತು: ‘ಎಲ್ಲರಿಗೂ ಬೇರೆ ಬೇರೆ ಪೈಪ್, ಮರೀಬೇಡಿ ಸರ್.’ ಕೊನೆಗೆ ಜೋಡಿಸಿದ ಎರಡು ಕೈ. ಆ ಜೋಡಿಸಿದ ಕೈಗಳನ್ನು ನೋಡಿದಾಗ ಮೋಹಿನಿಗೆ ಕಿವಿಯವರೆಗೂ ಸಿಟ್ಟು ಏರಿತು. ಸಿಂಕಿನ ನಲ್ಲಿ ತಿರುಗಿಸಿ, ಫೋನು ನೆನೆಯುತ್ತದೆಂದು ತಿಳಿದೂ, ಸ್ವಲ್ಪ ಹೊತ್ತು ಅದನ್ನು ಅಲ್ಲೇ ಹಿಡಿದುಕೊಂಡಿದ್ದಳು.

ಪ್ರವಾಸದ ಯೋಚನೆ ಅವಳದೇ. ಮದ್ದೂರಿನ ಕಾಲೇಜಿನಲ್ಲಿ ಅವಳು ಪ್ರಾಣಿಶಾಸ್ತ್ರದ ಉಪನ್ಯಾಸಕಿ. ಪ್ರತಿ ವರ್ಷ ಹವಳದ ಪಾಠ ಬಂದಾಗ ಪ್ರಯೋಗಾಲಯದ ಬೀರುವಿನಿಂದ ಒಣಗಿದ ಹವಳದ ತುಂಡೊಂದನ್ನು ತೆಗೆದು ಧೂಳು ಊದಿ ಮೇಜಿನ ಮೇಲಿಡುತ್ತಿದ್ದಳು. ಇದು ಅದರ ಮೂಳೆ ಮಾತ್ರ ಎಂದು ಹೇಳುತ್ತಿದ್ದಳು. ಬದುಕಿರುವಾಗ ಕೆಂಪು, ನೇರಳೆ, ಹಳದಿ, ಒಂದೊಂದರ ಬಾಯಿಯೂ ರಾತ್ರಿ ಹೂವಿನ ಹಾಗೆ ತೆರೆಯುತ್ತದೆ. ಹೇಳುವಾಗ ತನ್ನ ಮಾತು ತನಗೇ ಸುಳ್ಳೆನಿಸುತ್ತಿತ್ತು. ತಾನು ನೋಡಿಲ್ಲವಲ್ಲ. ಹೋದ ಜೂನಿನಲ್ಲಿ ಸ್ಟಾಫ್ ರೂಮಿನಲ್ಲಿ, ‘ಚಳಿಗಾಲದಲ್ಲಿ ಅಂಡಮಾನಿನ ಸಮುದ್ರ ಶಾಂತವಾಗಿರುತ್ತೆ, ನೀರು ತಿಳಿ ಇರುತ್ತೆ. ಕನ್ನಡಕ ಹಾಕ್ಕೊಂಡು, ಬಾಯಲ್ಲಿ ಪೈಪಿಟ್ಕೊಂಡು ಸುಮ್ಮನೆ ನೀರ ಮೇಲೆ ಬೋರಲು ತೇಲಿದ್ರೆ ಸಾಕು, ಹವಳ ಎಲ್ಲಾ ಕೆಳಗೆ ಕಾಣುತ್ತೆ’ ಎಂದಾಗ ಮೊದಲು ಕುಣಿದವಳು ಶೋಭಾರಾಣಿ. ಕನ್ನಡದ ಉಪನ್ಯಾಸಕಿ, ಚಿಕ್ಕರಸಿನಕೆರೆಯವಳು, ಮೋಹಿನಿಯ ಪಕ್ಕದ ಕುರ್ಚಿಯವಳು. ‘ನನ್ನೂ ಕರ್ಕೊಂಡ್ ಹೋಗೇ. ಮದುವೆಯಾದಾಗಿಂದ ಅತ್ತೆ ಬಿಟ್ಟು ಒಂದು ರಾತ್ರಿ ಆಚೆ ಮಲಗಿಲ್ಲ ಕಣೇ ನಾನು’ ಎಂದಿದ್ದಳು. ಶೋಭಾರಾಣಿಯ ಗಂಡನಿಗೆ ಎದೆಯ ಆಪರೇಷನ್ ಆದಾಗ ಮೈಸೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವಳು ಮೋಹಿನಿ. ಆ ತಲೆಯ ಭಾರ, ಎಣ್ಣೆಯ ವಾಸನೆ ಈಗಲೂ ನೆನಪಿದೆ. ಅದು ನೆನಪಾದದ್ದಕ್ಕೂ ಅವಳಿಗೆ ಸಿಟ್ಟು ಬಂತು.

‘ಏನವ್ವಾ, ಕಾಳ್ ಮ್ಯಾಲೆ ಯಾಕಿಂಗೆ ಸಿಟ್ ತೀರಿಸ್ಕತ್ತಿದ್ದೀಯೆ?’ ಎಂದಳು ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಮರಿತಾಯಮ್ಮ. ಅಪ್ಪ ತೀರಿಕೊಂಡ ಮೇಲೆ ಕೊತ್ತತ್ತಿಯಿಂದ ಮಂಡ್ಯಕ್ಕೆ ಮಗಳ ಮನೆಗೆ ಬಂದಿರುವ ತಾಯಿ. ನಿನ್ನೆ ಸಂಜೆ ಗಂಡನಿಗೆ ಹೇಳಿದ್ದೆಲ್ಲವನ್ನೂ ಅವಳು ಕೇಳಿಸಿಕೊಂಡಿದ್ದಳು, ಕೇಳಿಸಿಕೊಂಡಿಲ್ಲವೆಂಬಂತೆ ಮಲಗಿದ್ದಳು.

ನಿನ್ನೆ ಭಾನುವಾರ. ಹೆದ್ದಾರಿಯ ಪಕ್ಕದ ರೆಸಾರ್ಟೊಂದರ ಈಜುಕೊಳದಲ್ಲಿ ಅಭ್ಯಾಸ ಮಾಡೋಣವೆಂದು ರವಿಚಂದ್ರ ಏರ್ಪಾಡು ಮಾಡಿದ್ದ. ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರು ಅವನು. ಕನ್ನಡಕ, ಪೈಪು ಎರಡೂ ಇರುವ ಒಂದೇ ಒಂದು ಸೆಟ್ಟು ತರಿಸಿಕೊಂಡಿದ್ದ. ಕಾರ್ತಿಕದ ಚಳಿಗೆ ನೀರು ಕೊರೆಯುತ್ತಿತ್ತು. ಮೊದಲು ಅವನೇ ಇಳಿದು ತೋರಿಸಿದ. ಪೈಪಿನ ತುದಿಯ ರಬ್ಬರನ್ನು ಹಲ್ಲಲ್ಲಿ ಕಚ್ಚಬೇಕು, ತುಟಿ ಮುಚ್ಚಬೇಕು, ಮೂಗು ಮರೆಯಬೇಕು. ಆಮೇಲೆ ಸೌಮ್ಯ, ಕೆಮಿಸ್ಟ್ರಿಗೆ ಹೊಸದಾಗಿ ಬಂದ ಹುಡುಗಿ, ರವಿಚಂದ್ರನ ಬಾಯಿಂದ ಬಂದ ಪೈಪನ್ನು ಹಾಗೇ ಕಚ್ಚಿಕೊಂಡಳು. ಸೌಮ್ಯಳ ಬಾಯಿಂದ ಬಂದದ್ದನ್ನು ಶೋಭಾರಾಣಿ ಹಾಗೇ ಕಚ್ಚಿದಳು, ನೀರು ಕುಡಿದಳು, ಕೆಮ್ಮಿದಳು, ನಕ್ಕಳು. ಆಮೇಲೆ ಮೋಹಿನಿ.

ನೀರೊಳಗೆ ಮುಖ ಹಾಕಿದಾಗ ಕೇಳಿದ್ದು ತನ್ನ ಉಸಿರೊಂದೇ. ಯಾರೋ ಕಿವಿಯ ಹತ್ತಿರ ಕೂತು ನಿಧಾನವಾಗಿ ಗರಗಸ ಎಳೆಯುತ್ತಿರುವ ಹಾಗೆ. ಕೊಳದ ತಳದ ನೀಲಿ ಬಿಲ್ಲೆಗಳ ಮೇಲೆ ಬಿಸಿಲು ಬಲೆ ಬಲೆಯಾಗಿ ಅಲ್ಲಾಡುತ್ತಿತ್ತು. ತಲೆ ಎತ್ತಬೇಕಾಗಿಯೇ ಇಲ್ಲ ಎಂಬುದು ಮೈಗೆ ತಿಳಿಯುವವರೆಗೆ ಒಂದು ಗಳಿಗೆ ಹೆದರಿಕೆ, ಆಮೇಲೆ ಅಷ್ಟು ದೊಡ್ಡ ಬಿಡುಗಡೆ. ಈಜು ಅವಳಿಗೆ ಹೊಸದಲ್ಲ. ಕೊತ್ತತ್ತಿಯ ನಾಲೆಯಲ್ಲಿ ಅಪ್ಪ ಚಿಕ್ಕಮಾದು ಅವಳ ಬೆನ್ನಿಗೆ ಸೋರೆಬುರುಡೆ ಕಟ್ಟಿ ನೂಕಿದ್ದ. ಮೆಟ್ಟಿಲಿದ್ದದ್ದು ಸೇತುವೆಯ ಮೇಲುಗಡೆ, ಅಲ್ಲಿ ಊರಿನವರು. ಇವರ ಕೇರಿಯವರು ಸೇತುವೆಯ ಕೆಳಗಡೆ, ಕೆಸರಲ್ಲಿ, ಮೇಲಿನವರ ಸೋಪಿನ ನೊರೆ ತೇಲಿಬರುವ ಕಡೆ. ‘ಎಲ್ಲಿ ಕಲಿತೆ ಇಷ್ಟ್ ಚೆನ್ನಾಗಿ?’ ಎಂದು ದಡದಲ್ಲಿ ಶೋಭಾರಾಣಿ ಕೇಳಿದಾಗ, ‘ನಮ್ಮೂರ ನಾಲೇಲಿ’ ಎಂದಷ್ಟೇ ಹೇಳಿದ್ದಳು. ಸೇತುವೆಯ ಮಾತು ಎತ್ತಲಿಲ್ಲ. ಯಾಕೆ ಎತ್ತಲಿಲ್ಲ? ಮೂವರು ಹೆಂಗಸರಲ್ಲಿ ಈಜು ಬರುವವಳು ತಾನೊಬ್ಬಳೇ ಎಂಬ ಸಣ್ಣ ಜಂಬ ಕೆಟ್ಟುಹೋಗುತ್ತದೆಂದೇ?

ಅವಳು ಆ ಕಡೆಯ ಗೋಡೆ ಮುಟ್ಟಿ ವಾಪಸು ಬಂದು, ಪೈಪು ಬಾಯಿಂದ ತೆಗೆದು, ‘ಈಗ ನೀನು ಬಾರೇ’ ಎಂದು ಶೋಭಾರಾಣಿಗೆ ಕೊಟ್ಟಳು. ಶೋಭಾರಾಣಿ ತುದಿಯ ರಬ್ಬರನ್ನು ಮುಟ್ಟದೆ ಪೈಪನ್ನು ನಡುವೆ ಹಿಡಿದುಕೊಂಡು ಮೇಲೆ ಹೋದಳು. ನಲ್ಲಿಯ ಹತ್ತಿರ ಕೂತು ಬ್ಯಾಗಿನಿಂದ ಸೋಪು ತೆಗೆದು ತಿಕ್ಕಿದಳು. ತೊಳೆದಳು. ಮತ್ತೆ ತಿಕ್ಕಿದಳು. ಆಮೇಲೆ ಕುಡಿಯಲು ತಂದಿದ್ದ ಫ್ಲಾಸ್ಕಿನ ಬಿಸಿನೀರು ಸುರಿದಳು. ಅಷ್ಟಾದರೂ ಬಾಯಿಗೆ ಇಡಲಿಲ್ಲ. ರವಿಚಂದ್ರನ ಕೈಗೆ ಕೊಟ್ಟು, ‘ಒಬ್ಬೊಬ್ರಿಗೆ ಒಂದೊಂದು ಹೊಸದು ತರಿಸಿಬಿಡಿ ಸರ್, ಅದೇ ಸರಿ’ ಎಂದು ನೀರಿಗಿಳಿದಳು. ಇಳಿದವಳು ಎದೆಮಟ್ಟದ ನೀರಲ್ಲೂ ಕಾಲು ಜಾರಿ ಗಾಬರಿಯಾಗಿ, ‘ಮೋಹಿನೀ, ಬಿಡಬೇಡ್ವೇ, ಕೈ ಬಿಡಬೇಡ್ವೇ’ ಎಂದು ಎರಡೂ ತೋಳಿಂದ ಅವಳ ಕುತ್ತಿಗೆ ತಬ್ಬಿದಳು. ಕೆನ್ನೆಗೆ ಕೆನ್ನೆ ತಾಗಿತ್ತು. ರವಿಚಂದ್ರ ಆಕಾಶ ನೋಡುತ್ತಿದ್ದ. ಸೌಮ್ಯ ಮೋಹಿನಿಯ ಕಡೆ ನೋಡಿ, ನೋಡಿದ್ದು ಗೊತ್ತಾಯಿತೆಂದು ಟವಲ್ಲಿನಲ್ಲಿ ಮುಖ ಒರೆಸಿಕೊಂಡಳು. ಮೋಹಿನಿ ಶೋಭಾರಾಣಿಯ ಸೊಂಟ ಹಿಡಿದು, ‘ಹೆದರ್ಕೋಬೇಡ, ನಾನಿದ್ದೀನಿ’ ಎಂದಳು. ಆ ಮಾತನ್ನು ತನ್ನ ಬಾಯೇ ಆಡಿತು. ಆ ಬಾಯನ್ನು ಕಿತ್ತು ಎಸೆಯಬೇಕೆನಿಸುತ್ತಿದೆ ಈಗ.

ನಿನ್ನೆ ಸಂಜೆ ಗಂಡ ಅಶೋಕ್ ಟೀವಿಯ ಸದ್ದು ಕಡಿಮೆ ಮಾಡಿ ಪೂರ್ತಿ ಕೇಳಿ, ‘ಬುಡು ಅತ್ಲಾಗೆ’ ಎಂದಿದ್ದ. ‘ಕೊರೊನಾ ಆದ್ಮೇಲೆ ಯಾರ್ ತಾನೆ ತೊಳಿಯಲ್ಲ? ನೀನು ಎಲ್ಲಾದಕ್ಕೂ ಅದನ್ನೇ ತರಬೇಡ.’ ಅವನು ನೀರಾವರಿ ಇಲಾಖೆಯಲ್ಲಿ ಎಂಜಿನಿಯರು. ಯಾವ ನಾಲೆಗೆ ಯಾವಾಗ ನೀರು ಬಿಡಬೇಕೆಂಬ ಕಾಗದಕ್ಕೆ ಸಹಿ ಹಾಕುವವನು. ಆದರೆ ಆಫೀಸಿಗೆ ದಿನಾ ಮನೆಯಿಂದಲೇ ಸ್ಟೀಲ್ ಲೋಟ ಒಯ್ಯುತ್ತಾನೆ. ‘ಹಾಗಾದ್ರೆ ನಿನ್ನ ಲೋಟ ಯಾಕೆ ಮನೆಯಿಂದ ಹೋಗುತ್ತೆ ಹೇಳು’ ಎಂದು ಅವಳು ಕೇಳಿಬಿಟ್ಟಳು. ಇಷ್ಟು ವರ್ಷ ಇಬ್ಬರೂ ಮುಟ್ಟದೆ ಸುತ್ತಿಕೊಂಡು ಹೋಗುತ್ತಿದ್ದ ಮಾತು. ಅವನ ಮುಖ ಸಣ್ಣದಾಯಿತು. ಎದ್ದು, ಗೋಡೆಯ ಮೇಲಿನ ಬುದ್ಧನ ಫೋಟೋ ಸೊಟ್ಟಗಿದ್ದುದನ್ನು ನೆಟ್ಟಗೆ ಮಾಡಿ, ರೂಮಿಗೆ ಹೋದ. ಬೆಳಿಗ್ಗೆ ಆ ಲೋಟ ಊಟದ ಮೇಜಿನ ಮೇಲೆಯೇ ಉಳಿದಿತ್ತು. ಮರೆತನೋ, ಬಿಟ್ಟು ಹೋದನೋ. ಶೋಭಾರಾಣಿಯನ್ನು ಕೇಳಬೇಕಾದದ್ದನ್ನು ಇವನನ್ನು ಕೇಳಿದೆ ಎಂದು ನಾಚಿಕೆಯಾಯಿತು; ನಾಚಿಕೆ ಮತ್ತೆ ಸಿಟ್ಟಾಯಿತು.

‘ಅವ್ಳು ತೊಳ್ಕಂಡ್ರೆ ತೊಳ್ಕಳ್ಲಿ’ ಎಂದಳು ಮರಿತಾಯಮ್ಮ, ಸೊಪ್ಪಿನಿಂದ ಕಣ್ಣೆತ್ತದೆ. ‘ತೊಳ್ಕಂಡ್ ಮ್ಯಾಲೂ ನೀನ್ಯಾಕ್ ಅವ್ಳ್ನ ಇಡ್ಕಂಡಿದ್ದೆ? ಅದೇಳು ಮದ್ಲು.’

‘ಮುಳುಗ್ತಿದ್ಲಲ್ಲವ್ವ.’

‘ಎದೆಮಟ ನೀರ್ನಾಗೆ ಯಾರೂ ಸಾಯಕಿಲ್ಲ ಕಣಮ್ಮ’ ಎಂದಳು ತಾಯಿ.

ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಹಳೆಯದನ್ನೆಲ್ಲ ಕೆದಕಿದಳು. ಕಬ್ಬು ತುಂಬಿದ ಗಾಡಿಗಳು ಹಿಂದೆ ಸರಿಯುತ್ತಿದ್ದವು. ಶೋಭಾರಾಣಿ ಮನೆಗೆ ಬಂದದ್ದು ಒಂದೇ ಸಲ, ಮಂಡ್ಯದಲ್ಲಿ ಮೌಲ್ಯಮಾಪನಕ್ಕೆ ಬಂದಾಗ. ಅವಳಿಗೆಂದು ಮೋಹಿನಿ ಹೊಸ ತಟ್ಟೆ ಲೋಟ ಕೊಂಡಿದ್ದಳು, ಹೌದು, ಕೊಂಡಿದ್ದಳು, ಮನೆಯಲ್ಲಿ ಒಳ್ಳೆಯ ತಟ್ಟೆಗಳಿದ್ದರೂ. ಶೋಭಾರಾಣಿ ‘ಹೊಟ್ಟೆ ತುಂಬಿದೆ ಕಣೇ’ ಎಂದು ಎಳನೀರು ಮಾತ್ರ ಕುಡಿದಳು, ಕಾಯಿಂದಲೇ. ಸ್ಟಾಫ್ ರೂಮಿನಲ್ಲಿ ತನ್ನ ಡಬ್ಬಿಯಿಂದ ಅವಳು ತೆಗೆದುಕೊಂಡದ್ದು ಏನೇನು? ಬಾಳೆಹಣ್ಣು. ಬಿಸ್ಕತ್ತು, ಅದೂ ಪೊಟ್ಟಣದಿಂದ. ಸಾರು, ಪಲ್ಯ? ಸೋಮವಾರ ಉಪವಾಸ. ಶನಿವಾರ ಒಪ್ಪತ್ತು. ಸಂಕಷ್ಟಿ, ಏಕಾದಶಿ, ಗ್ಯಾಸ್ಟ್ರಿಕ್, ಹಲ್ಲುನೋವು. ಇಷ್ಟು ವರ್ಷಗಳಲ್ಲಿ ವಾರದ ಎಲ್ಲ ದಿನಗಳೂ ಖರ್ಚಾಗಿದ್ದವು. ಆದರೆ ಅವಳು ಕೊಟ್ಟದ್ದನ್ನೆಲ್ಲ ತಾನು ತಿಂದಿದ್ದೇನೆ, ಬೆರಳು ಚೀಪಿ ತಿಂದಿದ್ದೇನೆ. ಚಿಕ್ಕರಸಿನಕೆರೆಯ ಆ ಮನೆಗೆ ಹೋದಾಗ ಜಗಲಿಯಲ್ಲಿ ಚಾಪೆ ಹಾಕಿದ ಅತ್ತೆ ಬೀರಮ್ಮ, ‘ಒಳಗೆ ಸೆಕೆ ಕಣವ್ವ, ಇಲ್ಲೇ ಗಾಳಿ’ ಎಂದಿದ್ದಳು. ನಿಜವಾಗಿಯೂ ಗಾಳಿ ಇತ್ತು. ಅದೇ ಕಷ್ಟ. ಯಾವಾಗಲೂ ಗಾಳಿ ಇರುತ್ತದೆ, ಯಾವಾಗಲೂ ಹೊಟ್ಟೆ ತುಂಬಿರುತ್ತದೆ, ಯಾವಾಗಲೂ ಕೊರೊನಾ ಇರುತ್ತದೆ. ತನ್ನದೇ ತಪ್ಪೇನೋ ಎಂದು ರಾತ್ರಿಯೆಲ್ಲ ಹೊರಳಾಡುವ ಕೆಲಸ ಮಾತ್ರ ತನಗೆ.

ಮಧ್ಯಾಹ್ನ ಊಟದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಇದ್ದದ್ದು ಅವರು ನಾಲ್ವರೇ. ರವಿಚಂದ್ರ ಫೋನಿನಲ್ಲಿ ವಿಮಾನದ ಸಮಯ ಓದುತ್ತಿದ್ದ. ಶೋಭಾರಾಣಿ ಎಂದಿನಂತೆ ಕುರ್ಚಿ ಹತ್ತಿರ ಎಳೆದುಕೊಂಡು, ‘ನಿನ್ನೆ ನೀನಿಲ್ದಿದ್ರೆ ಸತ್ತೇ ಹೋಗ್ತಿದ್ದೆ ಕಣೇ. ಅಲ್ಲೂ ನನ್ನ ಪಕ್ಕದಲ್ಲೇ ಇರ್ಬೇಕು ನೀನು’ ಎಂದಳು. ಮೋಹಿನಿ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಸರಿಸಿದಳು. ಹಿತುಕಿದ ಬೇಳೆಯ ಸಾರಿನ ಘಮ ಎದ್ದಿತು.

‘ತಗೋ.’

‘ಅಯ್ಯೋ, ಕಾರ್ತಿಕ ಸೋಮವಾರ ಅಲ್ವೇನೇ.’

‘ನಾಳೆ ತರ್ತೀನಿ. ನಾಳೆ ತಿಂತೀಯಾ?’

ಶೋಭಾರಾಣಿ ನಕ್ಕಳು. ನಗು ಅರ್ಧಕ್ಕೆ ನಿಂತಿತು. ‘ಯಾಕೇ ಹೀಗ್ ಕೇಳ್ತಿದ್ದೀಯ?’

‘ನಿನ್ನೆ ರವಿಚಂದ್ರ ಸರ್ ಕಚ್ಚಿದ್ದನ್ನ ನೀನು ಕಚ್ಚಿದೆ. ಸೌಮ್ಯ ಕಚ್ಚಿದ್ದನ್ನೂ ಕಚ್ಚಿದೆ. ನಾನು ಕಚ್ಚಿದ ಮೇಲೆ ಸೋಪು ಹಾಕ್ದೆ. ಬಿಸಿನೀರು ಹಾಕ್ದೆ. ಆಮೇಲೂ ಬಾಯಿಗೆ ಇಡಲಿಲ್ಲ. ಯಾಕೆ ಅಂತ ನೀನೇ ಹೇಳು.’

ತನ್ನ ದನಿ ಇಷ್ಟು ಸಮವಾಗಿ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಶೋಭಾರಾಣಿಯ ಮುಖ ಮೊದಲು ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. ‘ಏನೇ ಇದು? ನನಗೆ ಗಂಟಲು ಕೆರೀತಿತ್ತು, ತೊಳೆದೆ. ಅದಕ್ಕೆ ಇಷ್ಟು ದೊಡ್ಡ ಅರ್ಥ ಕಟ್ತೀಯಾ? ನಿಮ್ಮೋರ ಹತ್ರ ಕೈ ತೊಳಿಯೋಕೂ ಯೋಚ್ನೆ ಮಾಡ್ಬೇಕಲ್ಲಪ್ಪ!’ ಎಂದಳು. ‘ನಿಮ್ಮೋರು’ ಎಂಬ ಮಾತು ಹೊರಬಿದ್ದ ತಕ್ಷಣ ಅವಳಿಗೂ ಅದು ಕೇಳಿಸಿರಬೇಕು; ಬಾಯಿಗೆ ಸೆರಗು ಹಿಡಿದು ಅಳಲು ಶುರುಮಾಡಿದಳು. ನಾನೇನು ಮೇಲಿನೋಳೇ, ಕುರಿ ಕಾಯ್ದೋರ ಮನೆಯೋಳು, ನನಗೂ ಎಷ್ಟು ಜನ ಏನೇನು ಅಂದಿಲ್ಲ, ಇವಳನ್ನ ಅಕ್ಕತಂಗಿ ಹಾಗೆ ನೋಡಿದೆ ಎಂದು ಬಿಕ್ಕಿದಳು. ಸೌಮ್ಯ ಎದ್ದು ನೀರಿನ ಬಾಟಲಿ ಕೊಟ್ಟಳು. ಶೋಭಾರಾಣಿಗೆ. ರವಿಚಂದ್ರ ಎದ್ದು ಫ್ಯಾನು ಹಾಕಿದ, ಈ ಚಳಿಯಲ್ಲಿ. ಆಮೇಲೆ ಮೋಹಿನಿಯ ಕಡೆ ಬಗ್ಗಿ, ಗುಟ್ಟು ಹೇಳುವವನಂತೆ, ‘ಮೇಡಂ, ದೊಡ್ಡೋರು ನೀವು. ಒಂದ್ಸಾರಿ ಸಾರಿ ಅಂದ್ಬುಡಿ. ಟಿಕೆಟ್ ಮುಗಿಸ್ಬುಡಣ’ ಎಂದ.

ತೊಳೆದವಳು ಅವಳು, ಅಳುತ್ತಿರುವವಳೂ ಅವಳೇ, ಕ್ಷಮೆ ಕೇಳಬೇಕಾದವಳು ತಾನು. ಇದು ಎಷ್ಟು ಸಲೀಸಾಗಿ ಆಗಿಹೋಯಿತು ಎಂದು ಮೋಹಿನಿ ಬೆರಗಾದಳು. ಯಾರೂ ಯೋಚಿಸಬೇಕಾಗಿ ಬರಲಿಲ್ಲ. ಎಲ್ಲರಿಗೂ ತಮ್ಮ ತಮ್ಮ ಜಾಗ ಗೊತ್ತಿತ್ತು. ನಾಚಿಕೆಗೇಡೆಂದರೆ, ಅಳುತ್ತಿದ್ದ ಆ ಬೆನ್ನನ್ನು ಸವರಲು ತನ್ನ ಕೈಯೂ ಸ್ವಲ್ಪ ಮುಂದೆ ಹೋಗಿತ್ತು. ಅದನ್ನು ಹಿಂದಕ್ಕೆಳೆದು ಡಬ್ಬಿ ತನ್ನ ಕಡೆ ಸರಿಸಿಕೊಂಡಳು. ಮೂವರ ಎದುರಿಗೆ, ಅಳುವಿನ ಸದ್ದಿನ ನಡುವೆ, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಒಂದೊಂದೇ ತುತ್ತು ನುಂಗಿದಳು. ಪೂರ್ತಿ ಉಂಡಳು, ಡಬ್ಬಿಯ ತಳವನ್ನು ಬೆರಳಿಂದ ಬಳಿದಳು. ಕೈತೊಳೆದು ಹೊರಗೆ ಬಂದಾಗ ಫೋನಿಗೆ ಸೌಮ್ಯಳ ಮೆಸೇಜು: ‘ಸಾರಿ ಮೇಡಂ. ನಾನೂ ನಿನ್ನೆ ನೋಡಿದೆ. ಆದರೆ ಏನು ಹೇಳೋದು ಗೊತ್ತಾಗಲಿಲ್ಲ.’ ಹತ್ತು ಮಾರು ದೂರದಲ್ಲಿ ಕೂತು ಕಳಿಸಿದ್ದು. ‘ಅಲ್ಲೇ ಬಾಯಿಬಿಟ್ಟು ಹೇಳಬೇಕಿತ್ತಮ್ಮ’ ಎಂದು ಬರೆದು ಕಳಿಸಿದಳು.

ಕೊನೆಯ ಪೀರಿಯಡ್ಡಿಗೆ ಮುಂಚೆ ಪ್ರಯೋಗಾಲಯದಲ್ಲಿ ಒಬ್ಬಳೇ ಮೈಕ್ರೋಸ್ಕೋಪುಗಳಿಗೆ ಬಟ್ಟೆ ಮುಚ್ಚುತ್ತಿದ್ದಾಗ ಬಾಗಿಲಲ್ಲಿ ಶೋಭಾರಾಣಿ ಬಂದು ನಿಂತಳು. ಕಣ್ಣು ಊದಿತ್ತು. ಕೈಯಲ್ಲಿ ಆ ಪೈಪು. ರವಿಚಂದ್ರನ ರೂಮಿನಿಂದ ಇಸಿದುಕೊಂಡು ಬಂದಿರಬೇಕು. ಒಳಗೆ ಬಂದು ಬಾಗಿಲು ಮುಚ್ಚಿದಳು.

‘ನೀನು ಬರದಿದ್ರೆ ನಾನು ಹೋಗಕ್ಕಾಗಲ್ಲ ಕಣೇ’ ಎಂದಳು. ‘ನಮ್ಮನೇಲೂ ನೀನಿದ್ದೀಯ ಅಂತಲೇ ಒಪ್ಪಿರೋದು. ನೀರಂದ್ರೆ ನನಗೆ ಪ್ರಾಣಭಯ ಅಂತ ನಿನಗೆ ಗೊತ್ತು. ಏನ್ ಮಾಡಿದ್ರೆ ನಿನಗೆ ಸಮಾಧಾನ ಆಗುತ್ತೆ, ಹೇಳು? ತಗೋ, ಇದನ್ನ ನೀನು ಕಚ್ಚು. ನಿನ್ನ ಎದುರಿಗೇ ನಾನು ಬಾಯಿಗಿಟ್ಕೋತೀನಿ.’

ಪೈಪನ್ನು ಅವಳತ್ತ ಚಾಚಿದಳು. ಮೋಹಿನಿ ಕೈ ಮುಂದೆ ಮಾಡಲಿಲ್ಲ. ಇಷ್ಟು ದೂರ ಬಂದಿದ್ದಾಳಲ್ಲ, ಸಾಕಲ್ಲವೇ, ಬಿಡೋಣ ಎಂದು ಯಾರೋ ಒಳಗೆ ಅಶೋಕನ ದನಿಯಲ್ಲಿ ಹೇಳುತ್ತಿದ್ದರು. ಶೋಭಾರಾಣಿ ಕಾಯಲಿಲ್ಲ. ‘ನಿನ್ನೆ ಆಮೇಲೂ ನೀನೊಂದ್ ಸುತ್ತು ಹೋಗ್ಬಂದೆ, ತೊಳ್ದಿಲ್ಲ ಇದನ್ನ, ಸರ್‌ನ ಕೇಳ್ಕೊಂಡೇ ತಂದೆ, ನೋಡು’ ಎಂದು ರಬ್ಬರಿನ ತುದಿಯನ್ನು ತುಟಿಗೆ ತಂದು ಬಾಯೊಳಗಿಟ್ಟು ಕಚ್ಚಿದಳು.

ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಹುಬ್ಬು ಗಂಟಿಕ್ಕಿತ್ತು. ಗಂಟಲು ಒಂದು ಸಲ ಮೇಲೆ ಬಂದು ಕೆಳಗಿಳಿಯಿತು. ಚಿಕ್ಕ ಮಕ್ಕಳು ಹರಳೆಣ್ಣೆ ಕುಡಿಯುವಾಗ ಮಾಡುವ ಹಾಗೆ ಕಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ಮಡಚಿಕೊಂಡಿತ್ತು. ಅವಳು ಸುಳ್ಳಾಡುತ್ತಿರಲಿಲ್ಲ, ನಾಟಕವಾಡುತ್ತಿರಲಿಲ್ಲ. ನಿಜವಾಗಿ, ಪೂರಾ ಮನಸ್ಸಿನಿಂದ, ಸ್ನೇಹಕ್ಕಾಗಿ ಸಹಿಸಿಕೊಳ್ಳುತ್ತಿದ್ದಳು. ಮೋಹಿನಿ ಆ ಮುಖವನ್ನು ನೋಡಿದಳು. ನಿನ್ನೆ ತೊಳೆದಾಗ ಬಂದ ಸಿಟ್ಟು ಏನೂ ಅಲ್ಲ ಎನಿಸಿತು. ತನ್ನ ಎಂಜಲು, ತನ್ನ ಬಾಯಿ, ತನ್ನ ಮನೆ, ತನ್ನ ತಾಯಿ ಇಡೀ ಬೆಳಿಗ್ಗೆ ಕೂತು ಬಿಡಿಸಿದ ಸೊಪ್ಪು, ನಾಲೆಯಲ್ಲಿ ತನ್ನನ್ನು ನೂಕಿದ ಅಪ್ಪನ ಒದ್ದೆ ಕೈ, ಇವೆಲ್ಲ ಒಬ್ಬಳು ಕಣ್ಣು ಮುಚ್ಚಿ ನುಂಗಬೇಕಾದ ಕಹಿಯೇ?

‘ತೆಗೀರಿ’ ಎಂದಳು.

ಶೋಭಾರಾಣಿ ಕಣ್ಣು ತೆರೆದಳು. ಆ ಬಹುವಚನ ಅವಳಿಗೆ ಪೈಪಿಗಿಂತ ಜೋರಾಗಿ ತಾಗಿದ ಹಾಗಿತ್ತು. ಪೈಪು ಬಾಯಿಂದ ತೆಗೆದು ಕೈಯಲ್ಲಿ ಹಿಡಿದು, ಎಲ್ಲಿಡಬೇಕೆಂದು ತಿಳಿಯದೆ ನಿಂತಳು. ‘ಇನ್ನೇನ್ ಮಾಡ್ಲೇ ನಾನು? ಮಾಡಿದ್ನಲ್ಲ!’

‘ಮಾಡಿದ್ರಿ. ನೋಡಿದೆ.’ ಮೋಹಿನಿಯ ದನಿ ಏರಿತು. ಕಾರಿಡಾರಿನಲ್ಲಿ ಯಾರಾದರೂ ಕೇಳಿಸಿಕೊಳ್ಳಲಿ ಎಂದೇ ಏರಿಸಿದಳು. ‘ನಾನು ಅಂಡಮಾನಿಗೆ ಹೋಗ್ತೀನಿ ಶೋಭಾರಾಣಿಯವರೇ. ಆ ಹವಳ ನೋಡ್ಬೇಕು ಅಂತ ನಾನೇ ಹೊರಡಿಸಿದ ಪ್ರವಾಸ ಅದು, ನಾನು ಬಿಡಲ್ಲ. ನೀವು ಬರೋದಾದ್ರೆ ಬನ್ನಿ. ವಿಮಾನದಲ್ಲಿ ಬನ್ನಿ, ದೋಣೀಲಿ ಬನ್ನಿ. ನೀರಲ್ಲಿ ಮಾತ್ರ ನನ್ನ ಹತ್ರ ಬರಬೇಡಿ.’

‘ಮೋಹಿನಿ...’

‘ನನಗೆ ಕ್ಲಾಸಿದೆ.’

ಶೋಭಾರಾಣಿ ಹೋದಳು. ಬಾಗಿಲು ತೆರೆದೇ ಬಿಟ್ಟಿದ್ದಳು. ಆ ಕಡೆಯಿಂದ ಹುಡುಗಿಯರ ಗುಂಪೊಂದು, ಏನೋ ಕೇಳಿಸಿಕೊಂಡವರ ಮುಖದಲ್ಲಿ, ಒಳಗೆ ಬರಲೋ ಬೇಡವೋ ಎಂದು ನಿಂತಿತ್ತು. ‘ಬನ್ನಿ, ಕೂತ್ಕೊಳ್ಳಿ’ ಎಂದು ಗದರಿದಳು. ಪಾಠ ಮಾಡುವಾಗ ಸೀಮೆಸುಣ್ಣ ಎರಡು ಸಲ ಮುರಿಯಿತು.

ಸಂಜೆ ಬಸ್ ಸ್ಟಾಂಡಿನಲ್ಲಿ ವಡೆ ಮಾರುವವರ ಕೂಗಿನ ನಡುವೆ ರವಿಚಂದ್ರನ ಫೋನು ಬಂತು. ‘ಮೇಡಂ, ಶೋಭಾರಾಣಿ ಮೇಡಂ ಬರಕಿಲ್ವಂತೆ. ಹಿಂಗಾದ್ರೆ ಹೆಂಗೆ? ಮುಂದಿನ ವರ್ಷಕ್ಕೆ ಹಾಕ್ಬುಡಣ್ವಾ?’ ಅವನ ದನಿಯಲ್ಲಿ ತಪ್ಪು ಯಾರದೆಂಬುದು ತೀರ್ಮಾನವಾಗಿಹೋಗಿತ್ತು. ನಾಳೆ ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿ ದೂರ ಸರಿದಿರುತ್ತದೆ. ಪ್ರವಾಸ ಕೆಡಿಸಿದವಳು ಎಂಬ ಹೆಸರು ನಿವೃತ್ತಿಯವರೆಗೂ ನಿಲ್ಲುತ್ತದೆ.

‘ಯಾರು ಬರ್ತಾರೋ ಬಿಡ್ತಾರೋ ನನಗೆ ಗೊತ್ತಿಲ್ಲ ಸರ್’ ಎಂದಳು. ‘ಜನವರಿಗೇ ಮಾಡಿ. ನಾನೊಬ್ಬಳೇ ಆದ್ರೂ ಮಾಡಿ. ಈಗಲೇ ಆಧಾರ್ ಕಳಿಸ್ತೀನಿ.’

ಕಳಿಸಿದಳು. ಮಂಡ್ಯದ ಬಸ್ಸು ಬಂದು ನಿಂತಿತು, ಜನ ನುಗ್ಗಿದರು. ಯಾರೋ ಮೊಣಕೈಯಿಂದ ತಿವಿದರು. ಎಂದಿನಂತೆ ಪಕ್ಕಕ್ಕೆ ಸರಿದು ದಾರಿ ಬಿಡದೆ, ಅವಳೂ ತಿವಿದು ಒಳಗೆ ಹತ್ತಿದಳು. ಸಿಟ್ಟು ಇಳಿದಿರಲಿಲ್ಲ. ಅದು ಇಳಿಯಲೆಂದು ಅವಳು ಕಾಯಲೂ ಇಲ್ಲ.